ಲಂಚ್‌ಬಾಕ್ಸ್ ಸ್ಟೌ ಬಿಟ್ಟ ಮೇಲೆ 24 ಜನಕ್ಕೆ ಬಿಸಿಬೇಳೆಬಾತ್: ನನ್ನ ಅನುಭವ

ಹೋದ ಈಸ್ಟರ್ ರಜೆಯಲ್ಲಿ ಆಸ್ಟ್ರೇಲಿಯಾದ ವಿಲ್ಸನ್ಸ್ ಪ್ರಾಮಂಟರಿಯ ಟೈಡಲ್ ರಿವರ್ ಕ್ಯಾಂಪಿನಲ್ಲಿ 24 ಜನಕ್ಕೆ ಬಿಸಿಬೇಳೆಬಾತ್ ಬಡಿಸಿದೆ. ಒಲೆ ಉರಿದದ್ದು ಒಟ್ಟು ಮುಕ್ಕಾಲು ಗಂಟೆ, ಉಳಿದದ್ದೆಲ್ಲ ಬಿಸಿ ಹೊರಗೆ ಬಿಡದ ಪೆಟ್ಟಿಗೆಯಲ್ಲಿ ಬೆಂದದ್ದು. ಖರ್ಚಾದ ಗ್ಯಾಸ್ 400 ಗ್ರಾಂ ಒಳಗೇ. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಇದು ಆಗೋ ಮಾತಲ್ಲ ಅಂತ ಮೂರು ವರ್ಷ ಹೇಳಿದವರೇ ಎರಡನೇ ಸಲ ತಟ್ಟೆ ಹಿಡಿದು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಂಚ್‌ಬಾಕ್ಸ್ ಸ್ಟೌ ಯಾಕೆ ಬಿಟ್ಟೆ ಅಂತ ತಿಳಿಯಲು ಮೊದಲು ದೋಸೆಯ ಕಥೆ ಹೇಳಬೇಕು.

ನಾವು ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಎಲ್ಲರ ಮನೆಯಲ್ಲೂ ಒಂದು ಲಂಚ್‌ಬಾಕ್ಸ್ ಸ್ಟೌ ಇರುತ್ತಿತ್ತು. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಒಂದು ಕಡೆ ಬರ್ನರ್, ಪಕ್ಕದಲ್ಲಿ ಮುಚ್ಚಳದ ಕೆಳಗೆ ಬ್ಯುಟೇನ್ ಕ್ಯಾನ್, ಅದೇ. 15-20 ಡಾಲರ್‌ಗೆ ಸಿಗುತ್ತಿತ್ತು. 220 ಗ್ರಾಂ ಕ್ಯಾನ್ ನಾಲ್ಕಕ್ಕೆ ಐದಾರು ಡಾಲರ್. ಇಷ್ಟು ಅಗ್ಗಕ್ಕೆ ಇನ್ನೇನು ಬೇಕು ಅಲ್ವಾ? ನನ್ನ ಬಳಿ ಎರಡಿದ್ದವು.

2013ರ ಮಾರ್ಚ್ ಇರಬೇಕು, ಲೇಬರ್ ಡೇ ವಾರಾಂತ್ಯಕ್ಕೆ ಗ್ರಾಂಪಿಯನ್ಸ್ ಬೆಟ್ಟಗಳ ಕಡೆ ಹೋಗಿದ್ದೆವು, ಹಾಲ್ಸ್ ಗ್ಯಾಪ್ ಹತ್ತಿರ. ಬೆಳಿಗ್ಗೆ ದೋಸೆ ಹುಯ್ಯಲು ಕೂತೆ. ಅಮ್ಮ ಊರಿಂದ ಕಳಿಸಿದ ಕಬ್ಬಿಣದ ಹೆಂಚು, 14 ಇಂಚು. ಅದನ್ನು ಸ್ಟೌ ಮೇಲಿಟ್ಟರೆ ಅರ್ಧ ಹೆಂಚು ಕ್ಯಾನಿನ ಮುಚ್ಚಳದ ಮೇಲೇ ಚಾಚಿಕೊಳ್ಳುತ್ತಿತ್ತು. ಯಾರೂ ಅದನ್ನು ಗಮನಿಸಲಿಲ್ಲ. ಸುಮಾರು 40 ನಿಮಿಷ ದೋಸೆ ಆದ ಮೇಲೆ ಕ್ಯಾನನ್ನು ಸ್ಟೌಗೆ ಹಿಡಿದಿಡುವ ಲಿವರ್ ಟಕ್ ಅಂತ ಮೇಲೆ ಹಾರಿತು. ಒಲೆ ಆರಿತು. ಸ್ಟೌ ಕೆಟ್ಟಿದೆ ಅಂದುಕೊಂಡೆವು. ಗೆಳೆಯರೊಬ್ಬರು ಲಿವರ್ ಒತ್ತಿ ಮತ್ತೆ ಹಚ್ಚಿದರು. ಮತ್ತೆ ಹಾರಿತು. ‘ಇದು ಬೇಡ ಗುರು, ನಮ್ಮದು ಚೆನ್ನಾಗಿದೆ’ ಅಂತ ಪಕ್ಕದ ಟೆಂಟಿನವರು ತಮ್ಮ ಸ್ಟೌ ಕೊಟ್ಟರು. ಅದು ಹಾರಲೇ ಇಲ್ಲ. ದೋಸೆ ಮುಗಿಯುವ ಹೊತ್ತಿಗೆ ಮುಚ್ಚಳ ಮುಟ್ಟಿದರೆ ಕೈ ಸುಟ್ಟಿತು. ಕೂಡಲೇ ಆರಿಸಿ, ಮಕ್ಕಳನ್ನೆಲ್ಲ ದೂರ ಕಳಿಸಿ, ಅರ್ಧ ಗಂಟೆ ಯಾರೂ ಹತ್ತಿರ ಹೋಗಲಿಲ್ಲ. ಆಮೇಲೆ ನೋಡಿದರೆ ಒಳಕ್ಕೆ ತಗ್ಗಾಗಿ ಇರಬೇಕಾದ ಕ್ಯಾನಿನ ತಳ ಹೊರಕ್ಕೆ ಉಬ್ಬಿತ್ತು. ಆ ತಳ ಈಗಲೂ ಕಣ್ಣ ಮುಂದೆ ಬರುತ್ತದೆ. ನನ್ನ ಮಗಳು ಆಗ ನಾಲ್ಕು ವರ್ಷದವಳು, ಒಂದು ಮಾರು ದೂರದಲ್ಲಿ ಕೂತು ದೋಸೆ ತಿನ್ನುತ್ತಿದ್ದಳು.

ಅವತ್ತು ನಾವು ಕೆಟ್ಟಿದೆ ಅಂದ ಸ್ಟೌ ಸರಿಯಾಗಿತ್ತು. ಚೆನ್ನಾಗಿದೆ ಅಂದದ್ದೇ ಕೆಟ್ಟಿತ್ತು. ಕ್ಯಾನ್ ಕಾದು ಒಳಗಿನ ಒತ್ತಡ ಏರಿದರೆ ಆ ಲಿವರ್ ತಾನಾಗಿ ಕ್ಯಾನನ್ನು ಬಿಡಿಸಬೇಕು. ಅದಕ್ಕೇ ಅದನ್ನು ಇಟ್ಟಿರುವುದು. ಬ್ಯುಟೇನ್ 20 ಡಿಗ್ರಿಯಲ್ಲಿದ್ದಾಗ ಕ್ಯಾನಿನೊಳಗೆ ಹೊರಗಿನ ಗಾಳಿಯ ಸುಮಾರು ಎರಡರಷ್ಟು ಒತ್ತಡ ಇರುತ್ತದೆ. 50 ಡಿಗ್ರಿಗೆ ಬಂದರೆ ಐದರಷ್ಟು ಹತ್ತಿರ. ಹೆಂಚಿನ ಕೆಳಗೆ 50 ಡಿಗ್ರಿ ದಾಟಲು ಎಷ್ಟು ಹೊತ್ತು ಬೇಕು?

ಇದೆಲ್ಲ ನನಗೆ ಗೊತ್ತಾದದ್ದು 2015ರಲ್ಲಿ. ಆಸ್ಟ್ರೇಲಿಯಾದ ರಾಜ್ಯಗಳ ಗ್ಯಾಸ್ ಸುರಕ್ಷತಾ ಇಲಾಖೆಗಳು, ನಮ್ಮ ಕಡೆ ಎನರ್ಜಿ ಸೇಫ್ ವಿಕ್ಟೋರಿಯಾ, ಈ ಸ್ಟೌಗಳ ಹಲವಾರು ಮಾಡೆಲ್‌ಗಳ ಮಾರಾಟ ನಿಲ್ಲಿಸಿದವು. ಕಾರಣ ಇದೇ: ಒತ್ತಡ ಏರಿದಾಗ ಗ್ಯಾಸ್ ನಿಲ್ಲಿಸಬೇಕಾದ ಭಾಗ ಕೆಲಸ ಮಾಡುತ್ತಿರಲಿಲ್ಲ. ಮನೆಯಲ್ಲಿರುವುದನ್ನೂ ಬಳಸಬೇಡಿ, ಅಂಗಡಿಗೆ ವಾಪಸ್ ಕೊಡಿ ಅಂದರು. ಸುದ್ದಿ ಓದಿದ ರಾತ್ರಿಯೇ ನನ್ನ ಎರಡನ್ನೂ ಕಾರಿಗೆ ಹಾಕಿದೆ. ಒಂದಕ್ಕೆ ದುಡ್ಡು ವಾಪಸ್ ಬಂತು. ಇನ್ನೊಂದಕ್ಕೆ ಬಿಲ್ ಇಲ್ಲ ಅಂತ ಕೊಡಲಿಲ್ಲ, ಅಲ್ಲೇ ಬಿಟ್ಟು ಬಂದೆ. ಉಳಿದ 11 ಕ್ಯಾನ್‌ಗಳನ್ನು ಕೌನ್ಸಿಲಿನವರು (ಇಲ್ಲಿನ ನಗರಸಭೆ) ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನ ಕೊಟ್ಟೆ.

ನಮ್ಮ ಗುಂಪಿನಲ್ಲಿ ದೊಡ್ಡ ವಾದವೇ ಆಯಿತು. ‘ಹತ್ತು ವರ್ಷದಿಂದ ಏನೂ ಆಗಿಲ್ಲ, ಈಗ ಏನಾಗುತ್ತೆ?’ ಅನ್ನುವವರೇ ಜಾಸ್ತಿ. ಆಮೇಲೆ ಸರಿಪಡಿಸಿದ ಮಾಡೆಲ್‌ಗಳು ಸರ್ಟಿಫಿಕೇಟಿನ ಗುರುತಿನೊಂದಿಗೆ ಅಂಗಡಿಗೆ ಬಂದವು, ಅದು ನಿಜ. ಒಂದಿಬ್ಬರಿಗೆ ಚಹಾ ಕಾಯಿಸಲು ಅವು ಸಾಕು. ಆದರೆ ನಮ್ಮ ಅಡುಗೆ ಚಹಾ ಅಲ್ಲವಲ್ಲ. ನಮ್ಮ ಪಾತ್ರೆ ದೊಡ್ಡದು, ಹೆಂಚು ದೊಡ್ಡದು, ಹೊತ್ತು ಜಾಸ್ತಿ. ಆ ಸ್ಟೌ ಮೇಲೆ ಏನು ಮಾಡಬಾರದು ಅಂತ ಬರೆದಿದ್ದಾರೋ ಅದೆಲ್ಲ ನಮ್ಮ ಅಡುಗೆಯಲ್ಲಿ ದಿನಾ ನಡೆಯುತ್ತದೆ. ಅಗಲ ಪಾತ್ರೆ ಇಡಬೇಡಿ, ಎರಡು ಸ್ಟೌ ಪಕ್ಕಪಕ್ಕ ಜೋಡಿಸಿ ಒಂದೇ ಪಾತ್ರೆ ಇಡಬೇಡಿ, ಟೆಂಟಿನೊಳಗೆ ಹಚ್ಚಬೇಡಿ. ಮೂರನ್ನೂ ಮಾಡಿದವರು ನಾವು.

ಸರಿ, ಬದಲಿಗೆ ಏನು? ಇಲ್ಲಿಂದ ನನ್ನ ದುಡ್ಡು ಹೋಗಲು ಶುರುವಾಯಿತು.

ಮೊದಲು ಇಂಡಕ್ಷನ್ ಒಲೆ ಎರಡು ತಂದೆ, ಒಂದಕ್ಕೆ 70 ಡಾಲರ್. ಕರೆಂಟ್ ಇರುವ ಜಾಗವನ್ನೇ ಬುಕ್ ಮಾಡಿದೆ. ಎರಡೂ 2000 ವಾಟ್. ಎರಡನ್ನೂ ಒಟ್ಟಿಗೆ ಹಾಕಿದ ಕೂಡಲೇ ಟ್ರಿಪ್ ಆಯಿತು. ಒಂದರಲ್ಲೇ ಮಾಡಿದರೆ ಊಟ ಸಂಜೆ ನಾಲ್ಕಕ್ಕೆ. ಆಮೇಲೆ ಟ್ರೆಕ್ಕಿಂಗ್‌ನವರು ಬಳಸುವ ಚಿಕ್ಕ ಸ್ಟೌ, ಕ್ಯಾನ್ ಮೇಲೆ ತಿರುಗಿಸಿ ಕೂರಿಸುವಂಥದ್ದು, 90 ಡಾಲರ್. ಅದರ ಕಾಲು ನನ್ನ ಅಂಗೈಯಷ್ಟು ಅಗಲ. ಅದರ ಮೇಲೆ ಐದು ಲೀಟರ್ ಸಾರು ಇಟ್ಟದ್ದು ತಪ್ಪು. ಸಾರೆಲ್ಲ ಹುಲ್ಲಿಗೆ ಹೋಯಿತು. ಪುಣ್ಯಕ್ಕೆ ಯಾರ ಕಾಲ ಮೇಲೂ ಬೀಳಲಿಲ್ಲ.

ಕೊನೆಗೆ 4 ಕೆಜಿ ಎಲ್‌ಪಿಜಿ ಸಿಲಿಂಡರ್, ಹೋಸ್, ರೆಗ್ಯುಲೇಟರ್, ಎರಡು ಬರ್ನರಿನ ಗಟ್ಟಿ ಒಲೆ. ಎಲ್ಲ ಸೇರಿ 210 ಡಾಲರ್ ಹತ್ತಿರ. ಇದು ಸರಿ. ಸಿಲಿಂಡರ್ ಒಲೆಯಿಂದ ದೂರ ನಿಲ್ಲುತ್ತದೆ, ಪಾತ್ರೆ ಎಷ್ಟೇ ಅಗಲ ಇರಲಿ ಅದಕ್ಕೆ ಬಿಸಿ ತಟ್ಟುವುದಿಲ್ಲ. ಸಿಲಿಂಡರಿನ ಕುತ್ತಿಗೆಯ ಮೇಲಿನ ತಾರೀಖು ಮಾತ್ರ ನೋಡಿಕೊಳ್ಳಿ, ಇಲ್ಲಿ ಹತ್ತು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಆದರೂ ಸಮುದ್ರದ ಗಾಳಿಗೆ ಬೇಳೆ ಬೇಯಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತು ಒಬ್ಬರು ಒಲೆ ಕಾಯುತ್ತಾ ನಿಲ್ಲಬೇಕು.

ಆಗ ಅರಸೀಕೆರೆಯ ನಮ್ಮ ಅಜ್ಜಿ ನೆನಪಾದರು. ರಾತ್ರಿ ಊಟ ಆದ ಮೇಲೆ ಹುರುಳಿ ಮಡಕೆಯನ್ನು ಒಲೆಯ ಬಿಸಿ ಬೂದಿಯಲ್ಲಿ ಹೂತು ಮಲಗುತ್ತಿದ್ದರು. ಬೆಳಿಗ್ಗೆ ಹುರುಳಿ ಬೆಂದು ಕಟ್ಟು ತಯಾರು. ಉರಿ ಇಲ್ಲ, ಬಿಸಿ ಹೊರಗೆ ಹೋಗದ ಹಾಗೆ ನೋಡಿಕೊಂಡರೆ ಆಯಿತು. ನನ್ನ ಬಳಿ ಬೂದಿ ಇಲ್ಲ, ಎಸ್ಕಿ ಇದೆ. ತಣ್ಣಗಿದ್ದದ್ದನ್ನು ತಣ್ಣಗೇ ಇಡುವ ಪೆಟ್ಟಿಗೆ ಬಿಸಿಯಾದದ್ದನ್ನು ಬಿಸಿಯಾಗಿಯೂ ಇಡಬೇಕಲ್ಲ?

ಮೊದಲನೇ ಸಲ ಕುಕ್ಕರ್ ಕೂಗಿದ ಕೂಡಲೇ ಎತ್ತಿ ನೇರವಾಗಿ ಎಸ್ಕಿಯಲ್ಲಿ ಇಟ್ಟೆ. ಕುಕ್ಕರಿನ ತಳದ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿತು. 60 ಡಾಲರಿನ ಎಸ್ಕಿ ಹೋಯಿತು, ಜೊತೆಗೆ ವಾಸನೆ. ಈಗ ಕೆಳಗೆ ಮರದ ಮಣೆ ಇಡುತ್ತೇನೆ, ಅಮ್ಮ ಬಂದಾಗ ಪೂಜೆಗೆ ಕೂರಲು ತಂದದ್ದೇ. ಎರಡನೇ ಸಲ ಸುತ್ತ ಜಾಗ ಖಾಲಿ ಬಿಟ್ಟೆ, ಬೇಳೆ ಕಟುಕಟು ಅಂತಿತ್ತು. ಮೂರನೇ ಸಲ ಎಲ್ಲ ಸರಿಯಿತ್ತು, ಆದರೆ ಗೆಳೆಯರೊಬ್ಬರು ‘ಬೆಂದಿದೆಯಾ ನೋಡೋಣ’ ಅಂತ ಹತ್ತು ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದರು. ಈಗ ಮುಚ್ಚಳಕ್ಕೆ ಬೆಲ್ಟ್ ಬಿಗಿದು, ತೆಗೆಯುವ ಹೊತ್ತನ್ನು ಟೇಪ್ ಮೇಲೆ ಬರೆದು ಅಂಟಿಸುತ್ತೇನೆ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು. ಶನಿವಾರ ರಾತ್ರಿ ಒಂಬತ್ತಕ್ಕೆ ಇಟ್ಟದ್ದನ್ನು ಭಾನುವಾರ ಮಧ್ಯಾಹ್ನ ತೆಗೆದೆ. ಮುಟ್ಟಿದರೆ ಬೆಚ್ಚಗಿತ್ತು, ಮೂಗಿಗೆ ಏನೂ ಗೊತ್ತಾಗಲಿಲ್ಲ. ಥರ್ಮಾಮೀಟರ್ ಚುಚ್ಚಿದರೆ 41 ಡಿಗ್ರಿ. ಆರು ಕೆಜಿ ಅನ್ನವನ್ನು ಕಸಕ್ಕೆ ಸುರಿದೆ. ಹೊಟ್ಟೆ ಉರಿಯಿತು, ಆದರೆ ಬಡಿಸಲಿಲ್ಲ. 60 ಡಿಗ್ರಿಯ ಕೆಳಗೆ ಗಂಟೆಗಟ್ಟಲೆ ಕೂತ ಅನ್ನ ಬೇಡವೇ ಬೇಡ. 18 ಡಾಲರಿನ ಆ ಥರ್ಮಾಮೀಟರ್ ನಾನು ಕೊಂಡದ್ದರಲ್ಲೆಲ್ಲ ಒಳ್ಳೆಯ ಸಾಮಾನು.

ಈಗ ಮಾಡುವುದು ಹೀಗೆ. 12 ಲೀಟರಿನ ಎರಡು ಕುಕ್ಕರ್. ಒಂದರಲ್ಲಿ ಸುಮಾರು ಒಂದೂಕಾಲು ಕೆಜಿ ತೊಗರಿಬೇಳೆ, ಒಂದು ಗಂಟೆ ನೆನೆಸಿದ್ದು, ಜೊತೆಗೆ ಕ್ಯಾರೆಟ್, ಬೀನ್ಸ್, ನವಿಲುಕೋಸು. ಇನ್ನೊಂದರಲ್ಲಿ ಎರಡು ಕೆಜಿ ಸೋನಾ ಮಸೂರಿ. ನೀರು ಮನೆಯಲ್ಲಿ ಹಾಕುವುದಕ್ಕಿಂತ ಒಂದು ಲೋಟ ಕಡಿಮೆ, ಯಾಕೆಂದರೆ ಆವಿ ಹೊರಗೆ ಹೋಗುವುದೇ ಇಲ್ಲ. ಪೂರ್ತಿ ಒತ್ತಡ ಬಂದು ಬೇಳೆ ಎರಡು ಕೂಗು, ಅಕ್ಕಿ ಒಂದು ಕೂಗು. ಒಲೆ ಆರಿಸಿ, ಕೂಗು ಪೂರ್ತಿ ನಿಂತ ಮೇಲೆ ಇಬ್ಬರು ಎರಡು ಕಡೆ ಹಿಡಿದು ಎತ್ತಿ, ಮಣೆಯ ಮೇಲೆ ಕೂರಿಸಿ, ಸುತ್ತ ಕಂಬಳಿ ತುರುಕಬೇಕು. ಬೆರಳು ಹೋಗುವಷ್ಟೂ ಜಾಗ ಬಿಡಬಾರದು. ಉರಿಯುವ ಒಲೆಯನ್ನಂತೂ ಪೆಟ್ಟಿಗೆಯ ಹತ್ತಿರಕ್ಕೂ ತರಬೇಡಿ. ಮುಚ್ಚಳದ ಮೇಲೆ ನಾನು ಇಡುವ ವಸ್ತು ಒಂದಿದೆ, ಅದರಿಂದಲೇ ಕೊನೆಯ ಹತ್ತು ಡಿಗ್ರಿ ಉಳಿಯುತ್ತದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಅದು ಇಲ್ಲದೆಯೂ ಬೇಯುತ್ತದೆ. 50 ನಿಮಿಷದ ನಂತರ ತೆಗೆದು, ಒತ್ತಡ ಇಳಿದಿದೆಯಾ ನೋಡಿ, ದೊಡ್ಡ ತಪ್ಪಲೆಗೆ ಎರಡನ್ನೂ ಸುರಿದು, ಹುಣಸೆ ರಸ, ಪುಡಿ, ಬೆಲ್ಲ ಹಾಕಿ ಒಂದು ಕುದಿ. ಮೇಲೆ ತುಪ್ಪದ ಒಗ್ಗರಣೆ. ಪುಡಿ ನಮ್ಮತ್ತೆಯದು, ಅದರ ಅಳತೆಯೂ ನನ್ನ ಹತ್ತಿರವೇ ಇರಲಿ.

ಸಿಲಿಂಡರನ್ನು ಲಗೇಜ್ ತೂಗುವ ಕೊಕ್ಕೆಗೆ ಹಾಕಿ ಮೊದಲು ಮತ್ತು ಆಮೇಲೆ ತೂಗಿದೆ. 360, 390, ಒಂದು ಸಲ ಗಾಳಿ ಜೋರಿದ್ದಾಗ 450 ಗ್ರಾಂ. ಹಿಂದೆ ಇಷ್ಟೇ ಜನಕ್ಕೆ ಮೂರು ಲಂಚ್‌ಬಾಕ್ಸ್ ಸ್ಟೌ ಹಚ್ಚಿ ಐದಾರು ಕ್ಯಾನ್ ಖಾಲಿ ಮಾಡುತ್ತಿದ್ದೆವು, ಅಂದರೆ ಒಂದು ಕೆಜಿಗೂ ಜಾಸ್ತಿ. ಇಂಡಕ್ಷನ್ ಮತ್ತು ಕರಗಿದ ಎಸ್ಕಿ ಸೇರಿಸಿದರೆ ನನ್ನ ಖರ್ಚು 500 ಡಾಲರ್ ದಾಟಿದೆ. ನೀವು ಹೊಸದಾಗಿ ಶುರು ಮಾಡಿದರೆ ಕುಕ್ಕರ್ ಬಿಟ್ಟು 270ರಲ್ಲಿ ಮುಗಿಯಬೇಕು.

ದೋಸೆ ಏನಾಯಿತು ಅಂತ ಕೇಳುತ್ತೀರಿ. ಇಲ್ಲಿನ ಪಾರ್ಕುಗಳಲ್ಲಿ ಕೌನ್ಸಿಲಿನವರು ಇಟ್ಟಿರುವ ಕರೆಂಟಿನ ಬಾರ್ಬೆಕ್ಯೂ ಇದೆಯಲ್ಲ, ಗುಂಡಿ ಒತ್ತಿದರೆ ಸ್ಟೀಲ್ ತಟ್ಟೆ ಕಾಯುತ್ತದೆ, ದುಡ್ಡಿಲ್ಲ. ಅದರ ಮೇಲೆ ನೀರುದೋಸೆ ಹುಯ್ದೆ. ಎಣ್ಣೆ ಇಳಿಯಲು ತೂತು ಇರುತ್ತದೆ, ತಟ್ಟೆ ಅದರ ಕಡೆ ಸ್ವಲ್ಪ ಇಳಿಜಾರು. ಹಿಟ್ಟೆಲ್ಲ ತೂತಿಗೆ ಹೋಯಿತು. ಸೆಟ್ ದೋಸೆ ಮಾತ್ರ ಅದ್ಭುತವಾಗಿ ಬಂತು, ಒಮ್ಮೆಗೆ ಆರು. ಮುಂಚೆ ಮಾಂಸ ಬೇಯಿಸಿರುತ್ತಾರೆ ಅಂತ ನಮ್ಮಲ್ಲಿ ಕೆಲವರು ಹಿಂಜರಿದರು. ಉಜ್ಜಿ ತೊಳೆದು ಬೇಕಿಂಗ್ ಪೇಪರ್ ಹಾಸಿದೆ, ತಿಂದರು.

ರಾತ್ರಿ ಬಾತ್ ಮುಗಿದ ಮೇಲೆ ಅದೇ ಪೆಟ್ಟಿಗೆಯಲ್ಲಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಇಟ್ಟೆ. ಹೊರಗೆ ಆರು ಡಿಗ್ರಿ ಚಳಿ, ಬೆಳಿಗ್ಗೆ ಗಟ್ಟಿ ಮೊಸರು. ರಾಜ್ಮಾ ಮಾಡುವವರಿಗೆ ಒಂದು ಮಾತು: ಆ ಕಾಳನ್ನು ಬರೀ ಪೆಟ್ಟಿಗೆಯ ಬಿಸಿಗೆ ಬಿಡಬೇಡಿ. ಕಡೇಪಕ್ಷ ಹತ್ತು ನಿಮಿಷ ಚೆನ್ನಾಗಿ ಕುದಿಯಲೇಬೇಕು, ಇಲ್ಲದಿದ್ದರೆ ಅದರಲ್ಲಿರುವ ವಿಷ ಹೋಗುವುದಿಲ್ಲ, ವಾಂತಿಯಾಗುತ್ತದೆ.

ಮೈಸೂರಿನ ನನ್ನ ಭಾವನಿಗೂ ಇದನ್ನು ಹೇಳಿಕೊಟ್ಟೆ. ಅವರು ವರ್ಷಕ್ಕೊಮ್ಮೆ ಮೂವತ್ತು ಜನರನ್ನು ರೈಲಿನಲ್ಲಿ ಯಾತ್ರೆಗೆ ಕರೆದೊಯ್ಯುತ್ತಾರೆ. ‘ಒಂದು ಚಿಕ್ಕ ಸ್ಟೌ ಸೀಟಿನ ಕೆಳಗೆ ಇಟ್ಟರೆ ಯಾರಿಗೆ ಗೊತ್ತಾಗುತ್ತೆ?’ ಅಂತಿದ್ದರು. 2023ರ ಆಗಸ್ಟ್ 26ರಂದು ಮದುರೈನಲ್ಲಿ ನಿಂತಿದ್ದ ಪ್ರವಾಸಿ ಬೋಗಿ ಹೊತ್ತಿಕೊಂಡು 9 ಜನ ಹೋದರು. ಲಖನೌ ಕಡೆಯಿಂದ ಬಂದ ಯಾತ್ರಿಕರು, ಒಳಗೆ ಕದ್ದುಮುಚ್ಚಿ ತಂದ ಗ್ಯಾಸ್ ಸಿಲಿಂಡರ್. ಆ ಸುದ್ದಿ ಬಂದ ದಿನ ಭಾವನೇ ಫೋನ್ ಮಾಡಿದರು. ಈಗ ಛತ್ರದಲ್ಲೇ ಅಡುಗೆ ಮಾಡಿ, ಪೆಟ್ಟಿಗೆಯಲ್ಲಿ ಬಿಸಿಯಾಗಿ ತುಂಬಿಕೊಂಡು ರೈಲು ಹತ್ತುತ್ತಾರೆ. ನಾಲ್ಕು ಗಂಟೆಯ ನಂತರವೂ ಪೊಂಗಲ್ 68 ಡಿಗ್ರಿ ಇತ್ತಂತೆ.

ಬರುವ ನವೆಂಬರ್‌ನಲ್ಲಿ ಕಪ್ ಡೇ (ಮೆಲ್ಬರ್ನ್ ಕಪ್ ಕುದುರೆ ರೇಸಿನ ದಿನ) ರಜೆಗೆ 40 ಜನ ಆಗುತ್ತಿದ್ದೇವೆ. ಮೂರನೇ ಕುಕ್ಕರ್ ಸಿಕ್ಕಿದೆ, ಅದಕ್ಕೊಂದು ಪೆಟ್ಟಿಗೆ ಬೇಕು. ಮುಚ್ಚಳದ ರಬ್ಬರ್ ಗಟ್ಟಿಯಿರುವ ಹಳೇ ಎಸ್ಕಿ ಮೆಲ್ಬರ್ನ್‌ನಲ್ಲಿ ಯಾರ ಗ್ಯಾರೇಜಿನಲ್ಲಾದರೂ ಸುಮ್ನೆ ಬಿದ್ದಿದ್ದರೆ ಹೇಳಿ, 30 ಡಾಲರ್ ಕೊಟ್ಟು ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.