ಸಂಜೆ ಬೂಟು ಬಿಚ್ಚಿಸುವ ಹೊತ್ತು

ಸೈನ್ಯಕ್ಕೆ ಸೇರಬೇಕು ಅಂತ ಕೋಲಾರದ ಅಂತರಗಂಗೆ ಮೆಟ್ಟಿಲು ಹತ್ತಿ ಇಳಿಯುವ ಹುಡುಗರು ಬೆಳಗ್ಗೆ ನನ್ನ ಹತ್ತಿರ ಮಾತಿಗೆ ನಿಲ್ಲುತ್ತಾರೆ. ಡಿಸೆಂಬರ್ ಬಂತು ಅಂದರೆ ಒಂದೇ ಪ್ರಶ್ನೆ. "ಸಾರ್, ಅಷ್ಟು ಚಳೀಲಿ ಧೈರ್ಯ ಹೆಂಗೆ ಇಟ್ಕೊಂಡಿದ್ರಿ?" ಕೇಳಿದಾಗೆಲ್ಲ ನನಗೆ ಕಾಲುಗಳೇ ನೆನಪಾಗುತ್ತವೆ.

1999ರ ಜುಲೈ 26ಕ್ಕೆ ಕಾರ್ಗಿಲ್ ಯುದ್ಧ ಮುಗಿಯಿತು. ನಮಗೆ ಮುಗಿದಿರಲಿಲ್ಲ. ಅದಕ್ಕೂ ಮೊದಲು ಚಳಿಗಾಲದಲ್ಲಿ ಆ ಎತ್ತರದ ಎಷ್ಟೋ ಪೋಸ್ಟ್‌ಗಳನ್ನು ಖಾಲಿ ಮಾಡಿ ಕೆಳಗಿಳಿಯುತ್ತಿದ್ದರು. ಹಾಗೆ ಖಾಲಿ ಬಿಟ್ಟ ಜಾಗಕ್ಕೇ ಶತ್ರು ಬಂದು ಕೂತಿದ್ದು. ಹಾಗಾಗಿ ಆ ವರ್ಷ ಇಳಿಯುವ ಮಾತೇ ಇರಲಿಲ್ಲ. ದ್ರಾಸ್ ಮೇಲೆ ಸುಮಾರು 15,000 ಅಡಿ ಎತ್ತರದಲ್ಲಿ ನಾವು 11 ಜನ ಇದ್ದೆವು. ನಾನು ಹವಾಲ್ದಾರ್. ಜೋಜಿಲಾ ಕಣಿವೆದಾರಿ ಹಿಮದಲ್ಲಿ ಮುಚ್ಚಿತು ಅಂದರೆ ಶ್ರೀನಗರದ ದಾರಿಯೂ ಮುಚ್ಚಿದ ಹಾಗೆ. ಶೆಲ್ ಬೀಳುವುದೂ ಪೂರ್ತಿ ನಿಂತಿರಲಿಲ್ಲ. ಗುಂಡು ನಿಲ್ಲಿಸುವ ಒಪ್ಪಂದ ಆಗಿದ್ದು 2003ರ ನವೆಂಬರ್‌ನಲ್ಲಿ.

ಕೆಲಸಕ್ಕೇನೂ ಬರ ಇರಲಿಲ್ಲ. ರಾತ್ರಿ ಬಿದ್ದ ಹಿಮವನ್ನು ಬೆಳಗ್ಗೆ ಸಲಿಕೆಯಲ್ಲಿ ಎತ್ತಿ ಹಾಕಬೇಕು, ಇಲ್ಲದಿದ್ದರೆ ಬಂಕರ್ ಬಾಗಿಲೇ ತೆರೆಯದು. ನೀರು ಬೇಕೆಂದರೂ ಹಿಮ ಕರಗಿಸಬೇಕು. ಬಂಕರ್ ಬೆಚ್ಚಗಿಡುವ ಸೀಮೆಎಣ್ಣೆ ಒಲೆ, ಬುಖಾರಿಯ ಹೊಗೆಗೆ ಉಗುಳೂ ಕಪ್ಪಾಗುತ್ತಿತ್ತು. ಇಷ್ಟೆಲ್ಲ ಮಾಡುವಾಗ ಮೈ ಬೆವರುತ್ತದೆ. ಆ ಬೆವರೇ ಅಪಾಯ. ಕಾಲುಚೀಲ ಒದ್ದೆಯಾಗಿ, ಸಂತ್ರಿ ಡ್ಯೂಟಿಗೆ ನಿಂತಾಗ ಬೆರಳು ಮರಗಟ್ಟುತ್ತದೆ. ಅದಕ್ಕೇ ಒಂದು ಜೊತೆ ಕಾಲುಚೀಲ ಯಾವಾಗಲೂ ಅಂಗಿ ಒಳಗೆ, ಹೊಟ್ಟೆಗೆ ತಾಗಿಸಿ ಇಟ್ಟುಕೊಳ್ಳಬೇಕು. ಮೈ ಕಾವಿಗೆ ಒಣಗುತ್ತದೆ. ಸಂಜೆ ಎಲ್ಲರೂ ಬೂಟು ಬಿಚ್ಚಬೇಕು, ನಾನು ಟಾರ್ಚ್ ಹಿಡಿದು ಒಬ್ಬೊಬ್ಬರ ಕಾಲು ನೋಡಬೇಕು.

ಮಾಲೂರು ಕಡೆಯ ಹುಡುಗನೊಬ್ಬ ಇದ್ದ. ವಟವಟ ಅಂತ ಮಾತಾಡುತ್ತಿದ್ದವನು ಎರಡು ದಿನದಿಂದ ಸುಮ್ನಿದ್ದ. ಎರಡು ಸಂಜೆಯೂ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಮೂರನೇ ದಿನ ಹಿಡಿದು ಕೂರಿಸಿದೆ.

"ಬೂಟು ಬಿಚ್ಚೋ."

"ಚೆನ್ನಾಗೈತೆ ಬಿಡಣ್ಣ."

"ಬಿಚ್ಚು ಅಂದ್ನಲ್ಲ."

ಎಡಗಾಲಿನ ಮೂರು ಬೆರಳು ಮೇಣದ ಬತ್ತಿ ಥರ ಬಿಳುಚಿದ್ದವು. ಉಗುರಲ್ಲಿ ಒತ್ತಿದರೂ ಅವನಿಗೆ ಗೊತ್ತಾಗಲಿಲ್ಲ. ಇಂಥ ಕಾಲನ್ನು ತಿಕ್ಕಬಾರದು, ಬುಖಾರಿಗೂ ಹಿಡಿಯಬಾರದು. ಚರ್ಮಕ್ಕೆ ಅರಿವಿಲ್ಲದೆ ಸುಟ್ಟುಹೋಗುತ್ತದೆ. ಅವನ ಜೊತೆಗಾರ ತಮಿಳು ಹುಡುಗ, ಏನೂ ಹೇಳಿಸಿಕೊಳ್ಳದೆ ಕೋಟು ಬಿಚ್ಚಿ ಆ ಎರಡೂ ಪಾದಗಳನ್ನು ತನ್ನ ಬರಿ ಹೊಟ್ಟೆ ಮೇಲೆ ಇಟ್ಟುಕೊಂಡ. ಮುಕ್ಕಾಲು ಗಂಟೆ ಹಾಗೇ ಕೂತ. ಆಮೇಲೆ ನೋವು ಶುರುವಾಯಿತು. ಹುಡುಗ ಅತ್ತುಬಿಟ್ಟ. ನೋವು ಬಂತು ಅಂದರೆ ಜೀವ ಇದೆ ಅಂತ ನನಗೆ ಸಮಾಧಾನ.

ಅಳುತ್ತಲೇ ಕೇಳಿದ. "ಎಲ್ರಿಗೂ ಕಾಗದ ಬಂತು, ನಂಗೊಬ್ನಿಗೆ ಯಾಕಿಲ್ಲಣ್ಣ?"

ಬಂದಿತ್ತು. ನನ್ನ ಜೇಬಿನಲ್ಲೇ ಇತ್ತು. ನಾಲ್ಕು ದಿನದ ಹಿಂದೆ ಮೋಡ ಸರಿದು ಹೆಲಿಕಾಪ್ಟರ್ ಬಂದಾಗ ಬಂದ ಕಟ್ಟಿನಲ್ಲಿ ಅವನಿಗೊಂದು ಪೋಸ್ಟ್‌ಕಾರ್ಡ್ ಇತ್ತು. ಸಾಕಿ ಬೆಳೆಸಿದ ಅಜ್ಜಿ ತೀರಿಹೋಗಿದ್ದಾರೆ, ತಿಥಿಯೂ ಆಯಿತು ಅಂತ ಬರೆದಿದ್ದರು. ಇಲ್ಲಿಂದ ಇಳಿದು ಹೋಗುವ ಹಾಗಿಲ್ಲ, ಇಂಥ ಸುದ್ದಿ ಯಾಕೆ, ನಾಲ್ಕು ದಿನ ಕಳೆಯಲಿ ಅಂದುಕೊಂಡಿದ್ದೆ. ಅವನಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ. ಅವನು ಮನೆಯವರು ಮರೆತರು ಅಂದುಕೊಂಡು ಕಾಲಿನ ಕಡೆ ನೋಡುವುದನ್ನೇ ಬಿಟ್ಟಿದ್ದ. ಮನಸ್ಸು ಕುಸಿದವನು ಮೊದಲು ಬಿಡುವುದು ಅದನ್ನೇ. ಒದ್ದೆ ಕಾಲುಚೀಲ ಬದಲಿಸುವುದಕ್ಕೂ ಬೇಜಾರು.

ಕಾರ್ಡ್ ಕೊಟ್ಟೆ, ತಪ್ಪಾಯಿತು ಅಂದೆ. ಅವನು ಓದಿ ಮಡಿಲಲ್ಲಿ ಇಟ್ಟುಕೊಂಡ. ಆ ರಾತ್ರಿ ಯಾರೂ ಬೇಗ ಮಲಗಲಿಲ್ಲ. ಎಣ್ಣೆ ಲೆಕ್ಕ ಬದಿಗಿಟ್ಟು ಬುಖಾರಿಯನ್ನು ಇನ್ನೆರಡು ಗಂಟೆ ಉರಿಸಿದೆ. ಅಜ್ಜಿ ಏನು ಮಾಡಿ ಹಾಕುತ್ತಿದ್ದರು ಅಂತ ಯಾರೋ ಕೇಳಿದರು. "ಮುದ್ದೆ, ಬಸ್ಸಾರು" ಅಂದ.

ರಜೆಯಿಂದ ಬಂದವನೊಬ್ಬ ತಂದ ಎರಡು ಕಿಲೋ ರಾಗಿಹಿಟ್ಟು ಇತ್ತು. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಅನ್ನವೂ ಕುಕ್ಕರ್ ಇಲ್ಲದೆ ಬೇಯುವುದಿಲ್ಲ. ಮರುದಿನ ಅವನನ್ನೇ ಲಂಗರ್‌ಗೆ, ಅಂದರೆ ನಮ್ಮ ಅಡುಗೆ ಜಾಗಕ್ಕೆ ಕೂರಿಸಿದೆ. ಹಿಟ್ಟು ಕಲಸಿ ಕುಕ್ಕರ್‌ನಲ್ಲೇ ಬೇಯಿಸಿ ತಿರುವಿದ. ಅಂಟಂಟಾಗಿತ್ತು. ಬಸ್ಸಾರಿಗೆ ಸೊಪ್ಪೆಲ್ಲಿ, ಬೇಳೆಸಾರೇ ಗತಿ. ತಮಿಳರು, ಮಲಯಾಳಿಗಳು ಎಲ್ಲರೂ ಅಜ್ಜಿಯ ಹೆಸರು ಹೇಳಿ ನುಂಗಿದರು.

ಅಂದಿನಿಂದ ಎರಡು ಬದಲಾವಣೆ ಮಾಡಿದೆ. ಕಾಗದ ಬಂದ ಗಳಿಗೆಯಲ್ಲೇ ಅವರವರ ಕೈಗೆ. ಕೆಟ್ಟ ಸುದ್ದಿ ಇದ್ದರೆ ಜೊತೆಗಾರ ಪಕ್ಕದಲ್ಲಿ ಕೂತಿರಬೇಕು. ಇನ್ನು ಸಂಜೆ ನಾನೊಬ್ಬನೇ ಎಲ್ಲರ ಕಾಲು ನೋಡುವುದನ್ನು ನಿಲ್ಲಿಸಿದೆ. ಒಬ್ಬರ ಕಾಲು ಇನ್ನೊಬ್ಬರು ನೋಡಬೇಕು. ನನ್ನ ಕಾಲು ನೋಡುವ ಕೆಲಸ ಮಾಲೂರಿನವನದು. ಬಹಳ ಕಟ್ಟುನಿಟ್ಟು ಮಾಡುತ್ತಿದ್ದ. ಬೆರಳು ಸಂದಿಯನ್ನೂ ಬಿಡಿಸಿ ನೋಡುತ್ತಿದ್ದ.

ಮಾರ್ಚ್ ಕೊನೆಗೆ ಬೇರೆ ತಂಡ ಬಂತು. 11 ಜನರೂ ಇಳಿದೆವು. ಅವನ ಎಡಗಾಲಿನ ಕಿರುಬೆರಳಿನ ಉಗುರು ಮಾತ್ರ ಮತ್ತೆ ಬೆಳೆಯಲಿಲ್ಲ.