ಆಲೆಮನೆ ರಚ್ಚಿನಿಂದ ಸಸಿ ಕುಂಡ: ಕೊನೆಗೂ ನೀರಿಗೆ ನಿಂತಿತು

ಕಳೆದ ತಿಂಗಳು ಮೈಸೂರಿನ ನರ್ಸರಿಯೊಂದಕ್ಕೆ ಎರಡು ಸಾವಿರ ಕುಂಡ ಕೊಟ್ಟೆ. ನಲವತ್ತು ದಿನ ನೀರು ಹಾಕಿದರೂ ತಳ ಬಿಚ್ಚಲಿಲ್ಲ. ನಾರು ಮಂಡ್ಯ ಪಕ್ಕದ ಆಲೆಮನೆ ರಚ್ಚು, ಅಂದರೆ ಕಬ್ಬು ಹಿಂಡಿದ ಮೇಲೆ ಉಳಿಯುವ ಸಿಪ್ಪೆ. ಅಂಟು ಹುಣಸೆ ಬೀಜದ ಹಿಟ್ಟು. "ಒಲೆಗಾಕೋ ರಚ್ಚಲ್ಲಿ ಕುಂಡ ಮಾಡ್ತೀಯೇನ್ಲಾ?" ಅಂದಿದ್ದ ನಮ್ಮ ಮಾವನೇ ಈಗ ಮೂಟೆ ಕಟ್ಟಿಸಿ ಕಳಿಸುತ್ತಾರೆ.

ಮೊದಲ ಎರಡು ವರ್ಷ ಸುಮ್ನೆ ಅಂಟಿನ ಹಿಂದೆ ಓಡಿದೆ. ಮರಗೆಣಸಿನ ಪಿಷ್ಟ, ಗ್ಲಿಸರಿನ್ ಹಾಕಿ ಒತ್ತಿದರೆ ಕುಂಡ ಮರದ ಹಾಗೆ ಗಟ್ಟಿ. ಐದನೇ ದಿನಕ್ಕೆ ಮೈತುಂಬ ಬೂಷ್ಟು. ಅಂಟು ಬದಲಾಯಿಸಿದೆ, ಜಾಸ್ತಿ ಮಾಡಿದೆ, ಬೂಷ್ಟೂ ಜಾಸ್ತಿಯಾಯಿತು. ಹೀಗೇ ಒಂದೂವರೆ ಲಕ್ಷ ಹೋಯಿತು. ಸಾಲ ಕೇಳಿದ ಕಡೆ ಎರಡು ಸಲ ವಾಪಸ್ ಕಳಿಸಿದರು. ಮನೆಯವಳ ಬಳೆ ಅಡ ಇಟ್ಟೆ.

ತಪ್ಪು ಇದ್ದದ್ದು ರಚ್ಚಿನಲ್ಲಿ. ಸಕ್ಕರೆ ಕಾರ್ಖಾನೆಯಲ್ಲಿ ನೀರು ಹಾಯಿಸಿ ಮತ್ತೆ ಮತ್ತೆ ಹಿಂಡುತ್ತಾರೆ. ನಮ್ಮ ಗಾಣದಲ್ಲಿ ಅಷ್ಟು ಹಿಂಡುವುದಿಲ್ಲ, ಸಿಹಿ ಉಳಿದೇ ಇರುತ್ತದೆ. ಬೂಷ್ಟಿಗೆ ಅದೇ ಊಟ. ಈಗ ಬಿಸಿನೀರಲ್ಲಿ ಎರಡು ಸಲ ತೊಳೆದು, ಒಣಗಿಸಿ, ಜರಡಿ ಹಿಡಿಯುತ್ತೇನೆ. ಒಳಗಿನ ಬೆಂಡು ಸ್ಪಂಜಿನ ಹಾಗೆ ನೀರು ಹೀರುತ್ತದೆ, ಅದು ಪೂರ್ತಿ ಹೋಗಬೇಕು. ತೂಕದಲ್ಲಿ ಮೂರನೇ ಒಂದು ಭಾಗವೇ ಹೋಗುತ್ತದೆ. ಹೊಟ್ಟೆ ಉರಿಯುತ್ತದೆ, ಆದರೆ ಬಿಡಲೇಬೇಕು. ನಾನು ಅದನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿಯೂ ನೋಡಿದೆ. ನಾರು ಚೆನ್ನಾಗಿ ಬಂತು. ಆದರೆ ಆ ತೊಳೆದ ನೀರನ್ನು ಎಲ್ಲಿ ಚೆಲ್ಲುವುದು? ನಾಲೆಗೆ ಬಿಡಲು ಮನಸ್ಸಾಗಲಿಲ್ಲ.

ಪ್ರೆಸ್ಸು ಅಡಿಕೆ ಹಾಳೆ ತಟ್ಟೆಯದ್ದು, ಸೆಕೆಂಡ್ ಹ್ಯಾಂಡ್, ನಲವತ್ತೈದು ಸಾವಿರದ ಹತ್ತಿರ. ಜ್ಯಾಕ್ ಬದಲಾಯಿಸಲು ಮತ್ತೆ ಇಪ್ಪತ್ತು. ಶುರುವಿನಲ್ಲಿ ಅಚ್ಚು ತೆಗೆದ ಕೂಡಲೇ ಕುಂಡ ಪೂರಿಯ ಹಾಗೆ ಉಬ್ಬಿ ಒಡೆಯುತ್ತಿತ್ತು. ಹಬೆಗೆ ದಾರಿ ಇರಲಿಲ್ಲ. ಈಗ ಒತ್ತಿ, ಚೂರು ಸಡಿಲಿಸಿ, ಮತ್ತೆ ಒತ್ತುತ್ತೇನೆ. ಮೂರು ಸಲ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಅಚ್ಚಿಗೆ ಸಣ್ಣ ಗೀರುಗಳನ್ನೂ ಹಾಕಿಸಿದೆ. ಎಲ್ಲಿ, ಎಷ್ಟು ಆಳ ಅನ್ನುವುದು ನನ್ನ ಹತ್ತಿರವೇ ಇರಲಿ.

ನೀರಿಗೆ ನಿಲ್ಲಿಸಿದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಅಂಟಿಗೆ ಬೆರೆಸಿ 140 ಡಿಗ್ರಿಯಲ್ಲಿ ಒತ್ತಿದ ಕುಂಡ ಬಕೆಟ್‌ನಲ್ಲಿ ಅರ್ಧ ಗಂಟೆಗೆ ಗಂಜಿಯಾಯಿತು. 160ರ ಸುಮಾರಿನಲ್ಲಿ ಒತ್ತಿದ್ದು ಎರಡು ದಿನ ಹಾಗೇ ಇತ್ತು. ಆ ಶಾಖಕ್ಕೇ ಅದು ನಾರನ್ನೂ ಅಂಟನ್ನೂ ಹಿಡಿದು ಕಟ್ಟುವುದು. ಜಾಸ್ತಿ ಹಾಕಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ನನ್ನ ಅಳತೆ ಹೇಳುವುದಿಲ್ಲ, ನೀವೇ ನಾಲ್ಕು ಬ್ಯಾಚ್ ಮಾಡಿ ನೋಡಿ.

ನಡುವೆ ಭತ್ತದ ಹೊಟ್ಟನ್ನೂ ಬಿಡಲಿಲ್ಲ. ಮಿಲ್ಲಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಅಲ್ವಾ? ಆದರೆ ಅದರ ನುಣುಪು ಮೈಗೆ ಅಂಟು ಕೂರುವುದಿಲ್ಲ. ಒಳಗಿನ ಸಿಲಿಕಾ ಅಚ್ಚನ್ನೇ ಸವೆಸಿತು. ಮಂಗಳೂರಿನಿಂದ ಗೇರು ಸಿಪ್ಪೆ ಎಣ್ಣೆ ತರಿಸಿ ಕುಂಡಕ್ಕೆ ಬಳಿದೆ. ನೀರು ಇಳಿಯಲೇ ಇಲ್ಲ, ನನ್ನ ಕೈ ಮಾತ್ರ ವಾರ ಪೂರ್ತಿ ಸುಲಿಯಿತು.

ಕುಂಡಕ್ಕೆ ಮೂರೂವರೆ ರೂಪಾಯಿ ಖರ್ಚು, ಆರಕ್ಕೆ ಮಾರುತ್ತೇನೆ. ಪಾಲಿಥೀನ್ ಚೀಲದ ರೇಟಿಗೆ ಇದು ಬರುವುದಿಲ್ಲ. ಆದರೆ ಪರಂಗಿ ಸಸಿಗೆ ಬೇರು ಅಲುಗಾಡಿದರೆ ಆಗುವುದಿಲ್ಲ, ಇದನ್ನು ಕುಂಡದ ಸಮೇತ ನೆಡಬಹುದು. ಹಾಗಾಗಿ ಪರಂಗಿಯವರೇ ಮೊದಲು ಕೇಳಿಕೊಂಡು ಬಂದರು. ಇನ್ನೂ ಐದು ಸಾವಿರಕ್ಕೆ ಆರ್ಡರ್ ಇದೆ. ಮಳೆ ಹಿಡಿಯುವ ಮೊದಲು ರಚ್ಚು ಒಣಗಿಸಿ ಒಳಗೆ ಹಾಕಿಕೊಳ್ಳಬೇಕು.