ಮಂಡಿ ಊದಿದೆಯಾ? ಎಣ್ಣೆ ತಿಕ್ಕುವ ಮೊದಲು ಇದನ್ನು ನೋಡಿ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ 2 ಗಂಟೆಗೆ ಅಪ್ಪ ಕೂಗಿ ಎಬ್ಬಿಸಿದರು. ಮಲಗುವಾಗ ಸರಿಯಾಗೇ ಇದ್ದ ಬಲ ಮಂಡಿ ಊದಿ ಕೆಂಪಾಗಿತ್ತು. ಹೊದಿಕೆ ತಾಗಿದರೂ ನೋವು. "68 ವರ್ಷ ಆಯ್ತಲ್ಲ, ಸವೆತ ಇರ್ಬೇಕು" ಅಂತ ಅಮ್ಮ ಬಿಸಿ ಎಣ್ಣೆ ತಿಕ್ಕಿದರು. ಬೆಳಗಾಗುವಾಗ ಕಾಲು ನೆಲಕ್ಕೆ ಊರಲಾಗಲಿಲ್ಲ.

ನೀವು ಹಾಗೆ ಮಾಡಬೇಡಿ. ಸವೆತದ ನೋವು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಮಂಡಿ ಒಂದೇ ರಾತ್ರಿಯಲ್ಲಿ ಊದಿ ಬಿಸಿಯಾದರೆ ಒಳಗೆ ಕೀವಾಗಿರಬಹುದು, ಇಲ್ಲವೇ ಗೌಟ್ (ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಕೀಲಿನಲ್ಲಿ ಹರಳುಗಟ್ಟಿ ಬರುವ ಊತ) ಇರಬಹುದು. ಕೀವಾದರೆ ಕೀಲೇ ಹಾಳಾಗುತ್ತದೆ. ಹಾಗಾಗಿ ಜ್ವರ ಇರಲಿ, ಬಿಡಲಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಕಾಲಿನ ಕೆಳಗೆ ದಿಂಬಿಡಿ, ಐಸನ್ನು ಟವೆಲಿನಲ್ಲಿ ಸುತ್ತಿ 15 ನಿಮಿಷ ಇಡಿ.

ಗೌಟ್ ಹೆಚ್ಚಾಗಿ ಕಾಲಿನ ಹೆಬ್ಬೆರಳಿಗೆ ಬರುವುದು. ಅದಕ್ಕೇ ಮಂಡಿ ಊದಿದಾಗ ಯಾರಿಗೂ ಅದು ಹೊಳೆಯುವುದಿಲ್ಲ. ಹಿಂದೆ ಎಂದಾದರೂ ಹೆಬ್ಬೆರಳು ಊದಿತ್ತಾ ಅಂತ ಕೇಳಿ ನೋಡಿ. ಅಪ್ಪನಿಗೆ 4 ವರ್ಷದ ಹಿಂದೆ ಊದಿತ್ತಂತೆ. ಚಪ್ಪಲಿ ಕಚ್ಚಿದ್ದು ಅಂದುಕೊಂಡು ಸುಮ್ಮನಿದ್ದರಂತೆ!

ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್‌ನಂಥ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಯೂರಿಕ್ ಆಸಿಡ್ ಏರಿಸುತ್ತದೆ. ಅಪ್ಪನ ಚೀಟಿಯಲ್ಲಿ ಅದೇ ಇತ್ತು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಅಂಥವರಿಗೆ ಕೆಲವು ನೋವಿನ ಮಾತ್ರೆ ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಆ ದಿನ ಅಪ್ಪನ ಯೂರಿಕ್ ಆಸಿಡ್ 6.1 ಬಂತು. ನಾರ್ಮಲ್! ನೋವು ಜೋರಾಗಿದ್ದಾಗ ಅದು ಇಳಿದು ಕಾಣುವುದುಂಟು. ಡಾಕ್ಟರ್ ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿಸಿದಾಗಲೇ ಸೂಜಿಯಂಥ ಹರಳು ಸಿಕ್ಕಿದ್ದು. ಕೀವಿಲ್ಲ ಅಂತಲೂ ಆ ನೀರಿನಿಂದಲೇ ಗೊತ್ತಾಯಿತು. ಹೆದರದೆ ಆ ಪರೀಕ್ಷೆ ಮಾಡಿಸಿ. ಮೂರು ವಾರ ಬಿಟ್ಟು ರಕ್ತ ನೋಡಿಸಿದರೆ 9.2 ಇತ್ತು.

ಈಗ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ನಡೆಯುತ್ತಿದೆ. ಗೌಟ್ ಇದ್ದವರು ಅದನ್ನು 6ಕ್ಕಿಂತ ಕೆಳಗೆ ತಂದು ಅಲ್ಲೇ ಉಳಿಸಬೇಕು. ಶುರುವಿನ ತಿಂಗಳುಗಳಲ್ಲಿ ಮತ್ತೆ ನೋವು ಬರಬಹುದು, ಆದರೂ ಮಾತ್ರೆ ಬಿಡಬಾರದು. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ಊಟದಲ್ಲಿ ಬೂತಾಯಿ, ಒಣಸಿಗಡಿ, ಲಿವರ್, ಬಿಯರ್, ಕೂಲ್‌ಡ್ರಿಂಕ್ಸ್ ಕಡಿಮೆ ಮಾಡಿ. ಬೇಳೆ, ಪಾಲಕ್ ಬಿಡಬೇಕಾಗಿಲ್ಲ. ಅಮ್ಮ ಎರಡು ವಾರ ತೊವ್ವೆಯನ್ನೇ ಮಾಡಿರಲಿಲ್ಲ. ಡಾಕ್ಟರನ್ನು ಕೇಳಿಕೊಂಡು ಬಂದ ದಿನವೇ ಕುಕ್ಕರ್ ಇಟ್ಟರು.